ಹೊಸ ಮರಿ ತರೋ ಮುಂಚೆ ಹಳೇ ಸೀರೆ ಹುಡುಕಿ

ಮೊನ್ನೆ ಮೊಮ್ಮಗಳು ಫೋನಿನಲ್ಲಿ ಒಂದೇ ಸಮ ಅಳು. ರಟ್ಟಿನ ಡಬ್ಬದಲ್ಲಿ ಬೆಕ್ಕಿನ ಮರಿ ತಂದವಳೇ ಹಾಲ್ ಮಧ್ಯೆ ಬಿಚ್ಚಿಟ್ಟಿದ್ದಾಳೆ. ಎದುರಿಗೆ ಮನೆಯ ಹಳೇ ಬೆಕ್ಕು, 8 ವರ್ಷದ ಸುಬ್ಬಿ, ಇವಳ ಕೈಯಲ್ಲಿ ಮೊಬೈಲು. ವಿಡಿಯೋ ಮಾಡಬೇಕಿತ್ತಂತೆ! ಸುಬ್ಬಿ ಬಾಲ ಉಬ್ಬಿಸಿಕೊಂಡು ಬೀರು ಹತ್ತಿದ್ದು ಮಾರನೇ ದಿನವೂ ಇಳಿದಿಲ್ಲ, ಊಟ ಮುಟ್ಟಿಲ್ಲ. ನಿಮಗೆ ಚೆಲ್ಲಾಟ, ಅದಕ್ಕೆ ಪ್ರಾಣಸಂಕಟ ಅಂತ ಬೈದೆ. ಬೆಕ್ಕು, ಅದರಲ್ಲೂ ದಪ್ಪನೆಯದು, ಎರಡು ದಿನ ಉಪವಾಸ ಕೂತರೆ ಲಿವರ್‌ಗೆ ಏಟು. ಡಾಕ್ಟರಿಗೆ ತೋರಿಸು ಮೊದಲು ಅಂದೆ.

ಹೊಸ ಮರಿಯನ್ನು ಒಂದೆರಡು ವಾರ ಬೇರೆ ಕೋಣೆಯಲ್ಲಿಡಬೇಕು, ತಟ್ಟೆ, ನೀರು, ಮರಳಿನ ಟ್ರೇ ಎಲ್ಲ ಬೇರೆ ಇರಬೇಕು ಅನ್ನೋದನ್ನೂ ನಾನೇ ಹೇಳಬೇಕಾ? ಎರಡು ಬೆಕ್ಕಿಗೆ ಟ್ರೇ ಮೂರು ಬೇಕು, ಜಿಪುಣತನ ಬೇಡ. ಹಸುವಿನ ಹಾಲಿಟ್ಟು ಮುದ್ದು ಮಾಡಲೂಬೇಡಿ, ಎಷ್ಟೋ ಮರಿಗಳಿಗೆ ಅದು ಅರಗದೆ ಭೇದಿ ಹತ್ತುತ್ತದೆ.

ಇನ್ನು ನನ್ನ ಸೀರೆಯ ವಿಷಯ. ಮುಖ ನೋಡೋ ಮುಂಚೆ ಒಂದರ ವಾಸನೆ ಇನ್ನೊಂದಕ್ಕೆ ರೂಢಿಯಾಗಲಿ ಅಂತ ಅದು. ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆಯೇ ಆಗಬೇಕು, ನೈಲಾನ್ ಪಾಲಿಸ್ಟರ್ ನಡೆಯಲ್ಲ. ಅಂಗೈ ಎರಡು ಸೇರಿಸಿದಷ್ಟಗಲದ ಎರಡು ತುಂಡು ಹರಿದುಕೊಳ್ಳಿ. ಸೋಪು ಹಾಕದೆ ಬರೀ ಬಿಸಿನೀರಲ್ಲಿ ಅದ್ದಿ ಬಿಸಿಲಿಗೆ ಹಾಕಿ. ಈಗಿನವರು ಮೆಷಿನ್‌ಗೆ ಒಂದು ಘಮಘಮ ದ್ರಾವಣ ಸುರೀತಾರಲ್ಲ, ಅದಂತೂ ಸೋಕಲೇಬಾರದು. (ಟವೆಲಿಗೂ ಅದನ್ನೇ ಹಾಕ್ತೀರಿ, ಆಮೇಲೆ ಟವೆಲು ನೀರೇ ಹೀರಲ್ಲ ಅಂತೀರಿ. ಹೇಗೆ ಹೀರುತ್ತೆ?) ಹಳೇ ಬೆಕ್ಕು ಉಂಡು ಕಣ್ಣು ಮುಚ್ಚಿ ತೂಕಡಿಸುವಾಗ ಹತ್ತಿರ ಕೂತು, ಬಟ್ಟೆಯನ್ನು ಬೆರಳಿಗೆ ಸುತ್ತಿ ತುಟಿಯಂಚಿನಿಂದ ಕಿವಿಯ ಬುಡದವರೆಗೆ ಮೆಲ್ಲಗೆ ಸವರಿ, ಆಮೇಲೆ ಗಲ್ಲದ ಕೆಳಗೆ. ಅದರ ವಾಸನೆ ಇರೋದು ಅಲ್ಲೇ. ಸುಮ್ಮನೆ ಬಾಗಿಲ ಚೌಕಟ್ಟಿಗೆ ಕೆನ್ನೆ ಉಜ್ಜುತ್ತೆ ಅಂದುಕೊಂಡಿರಾ? ಇದು ನನ್ನ ಮನೆ ಅಂತ ರುಜು ಹಾಕ್ತಿರುತ್ತೆ. ಬಾಲ ಪಟಪಟ ಬಡಿದರೆ ಕೈ ತೆಗೆಯಿರಿ, ಆವತ್ತಿಗೆ ಮುಗೀತು. ಇನ್ನೊಂದು ತುಂಡಿನಿಂದ ಮರಿಗೂ ಹಾಗೇ. ಆಮೇಲೆ ಅದರದ್ದು ಇದಕ್ಕೆ, ಇದರದ್ದು ಅದಕ್ಕೆ. ತಟ್ಟೆಯ ಪಕ್ಕಕ್ಕೇ ತುರುಕಬೇಡಿ, ಮೊದಲು ಒಂದು ಮಾರು ದೂರ. ಬಟ್ಟೆ ನೋಡಿ ಬುಸ್ ಅಂದರೆ ಇನ್ನೂ ದೂರ. ದಿನಾ ಮತ್ತೆ ಸವರಿ, ಗೇಣುಗೇಣಾಗಿ ಹತ್ತಿರ ತನ್ನಿ. ಬಟ್ಟೆಯ ಮೇಲೇ ತಟ್ಟೆಯಿಟ್ಟು ಉಂಡಿತು ಅಂದಾಗ ಮುಚ್ಚಿದ ಬಾಗಿಲ ಆಚೆ ಈಚೆ ಊಟ, ಆಮೇಲೆ ಎರಡು ಬೆರಳು ಸಂದಿ. ಎಷ್ಟು ದಿನ ಅಂತ ನನ್ನ ಕೇಳಬೇಡಿ, ಬೆಕ್ಕನ್ನು ಕೇಳಿ.

ನಮ್ಮ ತವರಲ್ಲಿ ತಾಯಿ ಸತ್ತ ಕರುವನ್ನು ಬೇರೆ ಹಸುವಿಗೆ ಬಿಡುವಾಗ ಅಜ್ಜಿ ಅದರ ಬೆನ್ನಿಗೆ ಉಪ್ಪುನೀರು ಸವರುತ್ತಿದ್ದರು. ಹಸು ಮೊದಲು ಉಪ್ಪಿಗೆ ನೆಕ್ಕುತ್ತಿತ್ತು, ನೆಕ್ಕಿ ನೆಕ್ಕಿ ಕರುವಿನ ವಾಸನೆ ರೂಢಿಯಾಗುತ್ತಿತ್ತು. ನಾನು ಕೊಟ್ಟಿಗೆಯ ಕಂಬ ಹಿಡಿದು ನೋಡುತ್ತಾ ನಿಂತರೆ, ಹೋಗೇ ಆಚೆ, ನಿನ್ನ ಕಣ್ಣಿಗೆ ಅದು ಹೆದರುತ್ತೆ ಅಂತ ಗದರುತ್ತಿದ್ದರು. ಈಗಿನ ಮೊಬೈಲಿಗೆ ಏನನ್ನುತ್ತಿದ್ದರೋ.

ಇನ್ನೊಂದು. ಹಳೇ ಬೆಕ್ಕು ಮೂಲೆಯಲ್ಲಿ ಉಚ್ಚೆ ಹೊಯ್ದರೆ ಫಿನಾಯಿಲ್ ಸುರಿಯಬೇಡಿ. ಅದನ್ನು ತುಳಿದ ಕಾಲನ್ನೇ ಅದು ನೆಕ್ಕೋದು, ಬೆಕ್ಕಿಗೆ ಅದು ವಿಷ. ಹೊಡೆಯಲೂಬೇಡಿ. ಊಟ ಮೊದಲು ಹಳೆಯದಕ್ಕೆ, ಮಾತೂ ಮೊದಲು ಅದಕ್ಕೇ.

ನಿನ್ನೆ ಮೊಮ್ಮಗಳು ಫೋನ್ ಮಾಡಿದ್ದಳು. ಸುಬ್ಬಿ ಬೀರುವಿನಿಂದ ಇಳಿದು ಉಂಡಿದೆ, ಬಾಲ್ಕನಿ ಬಿಸಿಲಲ್ಲಿ ಮರಿಯ ಬಟ್ಟೆ ಮೂಸಿ ಅದರ ಮೇಲೇ ಮಲಗಿದೆಯಂತೆ. ಬಟ್ಟೆ ಕೊಳಕಾಗಿದೆ ಅಜ್ಜಿ, ಒಗೆಯಲಾ ಅಂದಳು. ಮುಟ್ಟಿದರೆ ನೋಡು ಅಂದೆ.