ಟಿಎಸ್‌ಹೆಚ್ ನೋಡೋದು ಬಿಟ್ಟೆ, ಕೇಸು ಸರಿಹೋಯಿತು

"ಟಿಎಸ್‌ಹೆಚ್ 0.02 ಇದೆ, ಇನ್ನೂ ಥೈರಾಕ್ಸಿನ್ 100 ಮೈಕ್ರೋಗ್ರಾಂ ಕೊಡ್ತಿದ್ದೀರಲ್ಲ ಸಾರ್?" ಅಂತ ನನ್ನ ಒಬ್ಬ ಪೇಷೆಂಟ್ ಬಗ್ಗೆ ಮೂರು ಜನ ಡಾಕ್ಟರುಗಳು ಫೋನ್ ಮಾಡಿದ್ದರು. ಟಿಎಸ್‌ಹೆಚ್ ಅಂದರೆ ಥೈರಾಯ್ಡ್‌ಗೆ ಕೆಲಸ ಮಾಡು ಅಂತ ಮೆದುಳಿನಡಿಯ ಪಿಟ್ಯುಟರಿ ಗ್ರಂಥಿ ಕಳಿಸುವ ಹಾರ್ಮೋನು; ಥೈರಾಯ್ಡ್ ಮಾತ್ರೆ (ಥೈರಾಕ್ಸಿನ್) ಜಾಸ್ತಿಯಾದರೆ ಸಾಮಾನ್ಯವಾಗಿ ಅದು ಇಳಿಯುತ್ತದೆ. ಈಗ ಯಾರೂ ಮಾಡುತ್ತಿಲ್ಲ. ಮೊನ್ನೆ ಆಕೆ ಬಸ್ ಸ್ಟ್ಯಾಂಡಿನಿಂದ ನಡೆದೇ ಕ್ಲಿನಿಕ್ಕಿಗೆ ಬಂದರು.

ಶೀಹಾನ್ ಕೇಸು, ಅಂದರೆ ಹೆರಿಗೆಯ ರಕ್ತಸ್ರಾವದಿಂದ ಪಿಟ್ಯುಟರಿಯೇ ಹಾಳಾದದ್ದು. ಅದು ಹಾಳಾದರೆ ಟಿಎಸ್‌ಹೆಚ್ ನಂಬುವ ಹಾಗಿಲ್ಲ. ಎರಡನೇ ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿತ್ತು. ಎದೆಹಾಲು ಬರಲಿಲ್ಲ, ಮುಟ್ಟೂ ನಿಂತಿತು. ಹತ್ತು ವರ್ಷ ಇದನ್ನು ಯಾರೂ ಕೇಳಿರಲಿಲ್ಲ. ಮೊದಲ ಸಲ ನಾನೂ ಕೇಳಲಿಲ್ಲ ಬಿಡಿ. ಸುಸ್ತು, ಚಳಿ, ಊದಿದ ಮುಖ. ಟಿಎಸ್‌ಹೆಚ್ ಮಾತ್ರ 3 ಚಿಲ್ಲರೆ. ನಾರ್ಮಲ್ ಅಂತ ಐರನ್ ಮಾತ್ರೆ ಬರೆದು ಕಳಿಸಿದೆ. ಆರು ತಿಂಗಳ ಮೇಲೆ ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನು) ಮಾಡಿಸಿದರೆ 0.4, ತೀರಾ ಕಮ್ಮಿ! ಎಂಆರ್‌ಐನಲ್ಲಿ ಸೆಲ್ಲಾ, ಅಂದರೆ ಪಿಟ್ಯುಟರಿ ಕೂರುವ ಗೂಡು, ಖಾಲಿ.

ಕಂಡುಹಿಡಿದ ಖುಷಿಯಲ್ಲಿ ಥೈರಾಕ್ಸಿನ್ 50 ಶುರು ಮಾಡಿದೆ. ಕಾರ್ಟಿಸಾಲ್ (ಪಿಟ್ಯುಟರಿ ಹೇಳಿದಂತೆ ದೇಹ ತಾನೇ ಮಾಡಿಕೊಳ್ಳುವ ಸ್ಟೀರಾಯ್ಡ್) ಟೆಸ್ಟ್ ಮಾಡಿಸಲಿಲ್ಲ. ಅದು ಕಮ್ಮಿ ಇದ್ದಾಗ ಥೈರಾಕ್ಸಿನ್ ಕೊಟ್ಟರೆ ಇದ್ದಷ್ಟೂ ಬೇಗ ಖರ್ಚಾಗಿಬಿಡುತ್ತದೆ. ನಾನೂರು ರೂಪಾಯಿ ಟೆಸ್ಟು, ಎಂಆರ್‌ಐಗೇ ಸಾಲ ಮಾಡಿದ್ದಾರೆ ಅಂತ ಬಿಟ್ಟೆ. ಒಂಬತ್ತೋ ಹತ್ತೋ ದಿನಕ್ಕೆ ವಾಂತಿ, ಬಿಪಿ 70, ಕರೆದರೆ ಮಾತಿಲ್ಲ. ಹೈಡ್ರೋಕಾರ್ಟಿಸೋನ್ ಸ್ಟೀರಾಯ್ಡ್ 100 ಮಿಲಿಗ್ರಾಂ ನರಕ್ಕೆ ಕೊಟ್ಟು ಸಲೈನ್ ಓಡಿಸಿದೆವು. ಸಂಜೆಗೆ ಎದ್ದು ಕೂತು ಕಾಫಿ ಕೇಳಿದರು. ನಾನೂರು ಉಳಿಸಲು ಹೋಗಿ ಹದಿನೆಂಟು ಸಾವಿರ ಬಿಲ್ಲು. ಅವರ ಗಂಡನ ಮುಖ ನೋಡಲು ಆಗಲಿಲ್ಲ. ಆವತ್ತಿನಿಂದ ಬೆಳಗ್ಗೆ ಎಂಟರ ಕಾರ್ಟಿಸಾಲ್ ಕೈಗೆ ಬರದೆ ನಾನು ಥೈರಾಕ್ಸಿನ್ ಬರೆಯುವುದಿಲ್ಲ. ಕಮ್ಮಿ ಇದ್ದರೆ ಸ್ಟೀರಾಯ್ಡ್ ಮೊದಲು.

ಆಮೇಲೆ ಥೈರಾಕ್ಸಿನ್ 25ರಿಂದ ಮತ್ತೆ ಶುರು. ತೂಕ 58 ಕೆಜಿ ಇರಬೇಕು, ಕೆಜಿಗೆ 1.6 ಮೈಕ್ರೋಗ್ರಾಂ ಲೆಕ್ಕದಲ್ಲಿ 100ರ ಹತ್ತಿರ ಬಂದು ನಿಲ್ಲಿಸಿದೆ. ಆದರೆ ಆಕೆ ಬೇರೆ ಎಲ್ಲಿಗೆ ಹೋದರೂ ಟಿಎಸ್‌ಹೆಚ್ ನೋಡಿ "ಓವರ್‌ಡೋಸ್" ಅಂತ ಅರ್ಧ ಮಾಡಿಬಿಡೋರು. ಎರಡು ಸಲ ಮುಖ ಮತ್ತೆ ಊದಿತು. ಕೊನೆಗೆ ಚೀಟಿಯ ಮೇಲೆ ಕೆಂಪು ಇಂಕಿನಲ್ಲಿ ಬರೆದೆ: "ಪಿಟ್ಯುಟರಿ ಕೇಸು. ಟಿಎಸ್‌ಹೆಚ್ ನೋಡಿ ಡೋಸ್ ಬದಲಿಸಬೇಡಿ." ಅದನ್ನು ಆಕೆ ಲ್ಯಾಮಿನೇಷನ್ ಮಾಡಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಾರೆ. ಈಗ ಫ್ರೀ ಟಿ4 1.4, ರಕ್ತ ತೆಗೆಯೋದು ಮಾತ್ರೆಗೆ ಮುಂಚೆ. ಲ್ಯಾಬಿನವರು ಪ್ಯಾಕೇಜ್ ಬಿಟ್ಟು ಅದೊಂದನ್ನೇ ಕಮ್ಮಿ ರೇಟಿಗೆ ಮಾಡಿಕೊಡುತ್ತಾರೆ. ಹೇಗೆ ಒಪ್ಪಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ನಡುವೆ ಒಂದು ಸಲ ಟಿ4 ಸುಮ್ನೆ ಇಳಿಯಿತು. ವಿಚಾರಿಸಿದರೆ ಮಾತ್ರೆ ನುಂಗುತ್ತಿದ್ದುದೇ ಕಾಫಿಯಲ್ಲಿ! ಬೆಳಗ್ಗೆ ಕಾಫಿ ಬಿಡಿಸೋದು ನನ್ನಿಂದಾಗದು. ಊಟವಾಗಿ ಮೂರು ಗಂಟೆ ಬಿಟ್ಟು ಮಲಗುವಾಗ ಕೊಟ್ಟು ನೋಡಿದೆ, ಎರಡು ತಿಂಗಳಲ್ಲಿ ಮೇಲೆ ಬಂತು.

ಇದೇ ದಾರಿಯಲ್ಲಿ ಈಗ ಇನ್ನಿಬ್ಬರಿದ್ದಾರೆ. ಒಬ್ಬರಿಗೆ ಪಿಟ್ಯುಟರಿ ಗಡ್ಡೆ ಆಪರೇಷನ್ ಆಗಿದೆ. ಈಸ್ಟ್ರೋಜನ್ ಮಾತ್ರೆ ಶುರುವಾದದ್ದೇ ಟಿ4 ಬಿತ್ತು, 25 ಏರಿಸಿದ್ದೇನೆ. ಮುಂದಿನ ರಿಪೋರ್ಟು ದೀಪಾವಳಿ ಆದಮೇಲೆ.