ಕೂಗದ ಒಥೆಲೊ: ನನ್ನ ಅನುಭವ

ಷೇಕ್ಸ್‌ಪಿಯರನ ಒಥೆಲೊ ನಾಟಕವನ್ನು ಕೂಗಾಟವಿಲ್ಲದೆ ಆಡಿಸುತ್ತೇನೆ ಎಂದಾಗ ನಮ್ಮ ಕಡೆಯ ರಂಗಭೂಮಿಯವರು ಯಾರೂ ಒಪ್ಪಲಿಲ್ಲ. "ಒಂದು ಕರ್ಚೀಫಿಗೋಸ್ಕರ ಹೆಂಡತಿಯನ್ನ ಕೊಲ್ತಾನೆ ಅಂದ್ರೆ ಜನ ನಂಬ್ತಾರೇನ್ರೀ? ಅಬ್ಬರ ಇದ್ರೆ ಹೇಗೋ ನಡೆಯುತ್ತೆ" ಅಂದರು ಒಬ್ಬ ಹಿರಿಯರು. ವೆನಿಸಿನ ಸೇನಾಪತಿ ಒಥೆಲೊನ ಕೈಕೆಳಗಿನ ಇಯಾಗೊ, ಒಥೆಲೊನ ಹೆಂಡತಿ ಡೆಸ್ಡಿಮೋನಾಗೂ ಕ್ಯಾಸಿಯೊ ಎಂಬ ಅಧಿಕಾರಿಗೂ ಸಂಬಂಧವಿದೆ ಎಂದು ಅವನನ್ನು ನಂಬಿಸುತ್ತಾನೆ, ಅವಳ ಕರವಸ್ತ್ರವನ್ನೇ ಸಾಕ್ಷಿ ಮಾಡುತ್ತಾನೆ. ಕರ್ಚೀಫಿನ ಈ ತಕರಾರು ಹಳೆಯದು. 1693ರಲ್ಲೇ ಥಾಮಸ್ ರೈಮರ್ ಎಂಬ ಇಂಗ್ಲಿಷ್ ವಿಮರ್ಶಕ ಇದೇ ಕರವಸ್ತ್ರ ಹಿಡಿದು ಷೇಕ್ಸ್‌ಪಿಯರನನ್ನು ಗೇಲಿ ಮಾಡಿದ್ದ. ಈಗ ಶಿವಮೊಗ್ಗ, ಸಾಗರ, ಹಾವೇರಿ ಕಡೆ ಹತ್ತಾರು ಪ್ರಯೋಗ ಆಗಿವೆ. ಜನ ನಂಬಿದ್ದಾರೆ. ಹೇಗೆ ಅಂತ ಕೇಳುವವರು ಜಾಸ್ತಿಯಾದ್ದರಿಂದ ಬರೆಯುತ್ತಿದ್ದೇನೆ.

ಮೊದಲ ವರ್ಷ ನಾವೂ ಎಲ್ಲರಂತೆ ಆಡಿದೆವು. ವೆನಿಸ್ ಅಂತ ಬೆಂಗಳೂರಿನಿಂದ ವೆಲ್ವೆಟ್ ಕೋಟುಗಳನ್ನು ಬಾಡಿಗೆಗೆ ತಂದೆವು. ಅದಕ್ಕೇ ಸುಮಾರು 40 ಸಾವಿರ. ಹಾಲ್, ಲೈಟು, ಊಟ, ಲಾರಿ ಎಲ್ಲ ಸೇರಿ ಒಂದು ಲಕ್ಷ ದಾಟಿತು. ಟಿಕೆಟ್‌ನಿಂದ 30 ಸಾವಿರ ಬಂದಿದ್ದರೆ ಹೆಚ್ಚು. ಇಯಾಗೊ ಹುಬ್ಬು ಕುಣಿಸುತ್ತಿದ್ದ, ಒಥೆಲೊ ಎದೆ ಬಡಿದುಕೊಳ್ಳುತ್ತಿದ್ದ. ಕೊನೆಯ ದೃಶ್ಯದಲ್ಲಿ ಹಿಂದಿನ ಸಾಲಿನ ಹುಡುಗರು ನಕ್ಕರು. ಡೆಸ್ಡಿಮೋನಾ ಮಾಡುತ್ತಿದ್ದ ಹುಡುಗಿ ಗ್ರೀನ್ ರೂಮಿಗೆ ಬಂದು ಅತ್ತಳು. ನನಗೆ ಆ ನಗು ಇವತ್ತಿಗೂ ಚುಚ್ಚುತ್ತದೆ.

ಇಡೀ ನಾಟಕ ನಿಂತಿರುವುದು ಮೂರನೇ ಅಂಕದ ಮೂರನೇ ದೃಶ್ಯದ ಮೇಲೆ. ಆ ದೃಶ್ಯ ಶುರುವಾಗುವಾಗ ಒಥೆಲೊ ಹೆಂಡತಿಯನ್ನು ಮನಸಾರೆ ಪ್ರೀತಿಸುವ ಗಂಡ. ಮುಗಿಯುವಾಗ ಅವಳನ್ನು ಕೊಲ್ಲಲು ನಿರ್ಧರಿಸಿದವನು. ಇಷ್ಟು ದೂರವನ್ನು ಒಂದೇ ದೃಶ್ಯದಲ್ಲಿ ನಡೆಸಬೇಕು. ಇಲ್ಲಿ ನಾನು ಮಾಡಿದ್ದು ಇಷ್ಟೇ: ಒಥೆಲೊನನ್ನು ಮೇಜಿನ ಮುಂದೆ ಕೂರಿಸಿ ಕೈಗೆ ಕೆಲಸ ಕೊಟ್ಟೆ. ಹಿಂದಿನ ದೃಶ್ಯದಲ್ಲಿ ಅವನು ಸೈಪ್ರಸ್ ಕೋಟೆ ನೋಡಲು ಹೋಗಿರುತ್ತಾನಲ್ಲ, ಆ ಕೋಟೆಯ ಕಾಗದಪತ್ರ. ಓದುವುದು, ಸಹಿ ಹಾಕುವುದು, ಮಡಚಿ ಪಕ್ಕಕ್ಕಿಡುವುದು. ಇಯಾಗೊ ಪಕ್ಕದಲ್ಲಿ ನಿಂತು ಒಂದೊಂದೇ ಕಾಗದ ಮುಂದೆ ಸರಿಸುತ್ತಾನೆ. ವಿಷವೆಲ್ಲ ಕಚೇರಿ ಕೆಲಸದ ಮಧ್ಯೆಯೇ ಇಳಿಯಬೇಕು.

"ಕ್ಯಾಸಿಯೊ ಪ್ರಾಮಾಣಿಕ ಅಲ್ವಾ?"
"ಪ್ರಾಮಾಣಿಕ... ಸ್ವಾಮಿ?"
"ನಿನಗೆ ಏನನ್ನಿಸುತ್ತೆ?"
"ಅನ್ನಿಸೋದು... ಸ್ವಾಮಿ?"

ಇಯಾಗೊ ಇಲ್ಲಿ ಒಂದು ಸುಳ್ಳನ್ನೂ ಹೇಳಿಲ್ಲ ನೋಡಿ. ಒಥೆಲೊನ ಮಾತನ್ನೇ ಅವನಿಗೆ ವಾಪಸ್ ಕೊಡುತ್ತಿದ್ದಾನೆ, ಅಷ್ಟೆ. ಅನುವಾದದಲ್ಲಿ ಇದನ್ನು ಉದ್ದ ಮಾಡಿದರೆ ಕೆಟ್ಟಿತು. ನಾವು ಈ ಭಾಗದಲ್ಲಿ ಮೂರು ಪದಕ್ಕಿಂತ ಹೆಚ್ಚು ಇಯಾಗೊನಿಗೆ ಕೊಡಲೇ ಇಲ್ಲ. ಒಥೆಲೊನ ಪೆನ್ನು ಓಡುತ್ತಲೇ ಇರುತ್ತದೆ. ಆಮೇಲೆ ಇಯಾಗೊ, "ನಿಮ್ಮನ್ನ ಮದುವೆಯಾಗೋಕೆ ಅಪ್ಪನಿಗೇ ಮೋಸ ಮಾಡಿದವಳು" ಎನ್ನುತ್ತಾನೆ. ಪೆನ್ನು ಅಲ್ಲಿ ನಿಲ್ಲುತ್ತದೆ. "ಹೌದು. ಮಾಡಿದಳು." ಅದೇ ಮೊದಲ ಸಲ ಕೈ ನಿಲ್ಲುವುದು. ಸಾಗರದ ಪ್ರಯೋಗದಲ್ಲಿ ಈ ಜಾಗಕ್ಕೆ ಮುಂದಿನ ಸಾಲಿನ ಹೆಂಗಸೊಬ್ಬರು "ಅಯ್ಯೋ, ಬೇಡ ಕಣೋ" ಅಂದುಬಿಟ್ಟರು. ಅವತ್ತೇ ನನಗೆ ಗೊತ್ತಾಯಿತು, ಗೆದ್ದೆವು ಅಂತ.

ಪೆನ್ನು ನಿಂತ ಮೇಲೆ ಇಯಾಗೊ ಮುಂದಿನ ಮಾತಿಗೆ ಎಷ್ಟು ಹೊತ್ತು ಕಾಯುತ್ತಾನೆ, ಆಗ ಲೈಟು ಏನು ಮಾಡುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಪ್ರಯೋಗಕ್ಕೆ ಬಂದು ನೋಡಿ.

ಇನ್ನು ಕರವಸ್ತ್ರ. ಮೂಲದಲ್ಲಿ ಅದರ ಮೇಲೆ ಸ್ಟ್ರಾಬೆರಿ ಕಸೂತಿ. ಮೊದಲು ಅಂಗಡಿಯಿಂದ 150 ರೂಪಾಯಿಯ ರೇಷ್ಮೆ ಕರ್ಚೀಫು ತಂದಿದ್ದೆವು. ಐದನೇ ಸಾಲಿನಿಂದ ಆಚೆ ಯಾರಿಗೂ ಕಾಣಲಿಲ್ಲ. ಕಾಣದ ವಸ್ತುವಿಗಾಗಿ ಕೊಲೆ ನಡೆದರೆ ಜನ ನಗದೆ ಇನ್ನೇನು ಮಾಡಿಯಾರು? ಆಮೇಲೆ ನಟನೊಬ್ಬನ ತಾಯಿ ಎರಡಡಿ ಚೌಕದ ಬಿಳಿ ಬಟ್ಟೆಗೆ ಅಡಿಕೆ ಗಾತ್ರದ ಕೆಂಪು ಹಣ್ಣುಗಳನ್ನು ಹೆಣೆದುಕೊಟ್ಟರು. ಬರೀ ರೇಷ್ಮೆ ಬೇಡ, ಜಾರಿ ಮುದ್ದೆಯಾಗಿ ಬೀಳುತ್ತದೆ. ಹತ್ತಿ ಬೆರೆತದ್ದು ಹರಡಿಕೊಂಡು ಬೀಳುತ್ತದೆ. ಬಟ್ಟೆ ದೊಡ್ಡದಾದ ಮೇಲೆ "ನಿನ್ನ ಕರವಸ್ತ್ರ ತೀರಾ ಚಿಕ್ಕದು" ಎಂಬ ಒಥೆಲೊನ ಮಾತು ಹೊಂದಲಿಲ್ಲ, ತೆಗೆದೆವು. "ಬಿಡು" ಎಂದು ತಳ್ಳುತ್ತಾನೆ. ಸಾಕು.

ಇನ್ನೊಂದು ಕೆಲಸವನ್ನೂ ಮಾಡಿದೆವು. ಎರಡನೇ ಅಂಕದಲ್ಲಿ ಸೈಪ್ರಸ್‌ಗೆ ಬಂದಿಳಿದ ಒಥೆಲೊನ ಹಣೆಯ ಬೆವರನ್ನು ಡೆಸ್ಡಿಮೋನಾ ಅದೇ ಬಟ್ಟೆಯಿಂದ ಒರೆಸುತ್ತಾಳೆ. ಮೂಲದಲ್ಲಿ ಇದಿಲ್ಲ. ಆದರೆ ಪ್ರೀತಿಯ ಹೊತ್ತಿನಲ್ಲಿ ಕಂಡ ಬಟ್ಟೆ ಕ್ಯಾಸಿಯೊನ ಪ್ರೇಯಸಿ ಬಿಯಾಂಕಾಳ ಕೈಯಲ್ಲಿ ಕಂಡಾಗ ಪ್ರೇಕ್ಷಕರಿಗೇ ಹೊಟ್ಟೆ ಕಿವುಚುತ್ತದೆ.

ಮೂಲದಲ್ಲಿ ಒಥೆಲೊ ವೆನಿಸಿಗೆ ಹೊರಗಿನಿಂದ ಬಂದ ಕಪ್ಪು ಮೈಬಣ್ಣದವನು. ಅವನ ಮುಖಕ್ಕೆ ಕಪ್ಪು ಬಣ್ಣ ಬಳಿಯಬಾರದು ಎಂದು ಮೊದಲೇ ತೀರ್ಮಾನಿಸಿದ್ದೆ. ಹಾಗಾದರೆ ಹೊರಗಿನವನು ಅಂತ ತಿಳಿಯುವುದು ಹೇಗೆ? ಅವನೊಬ್ಬನಿಗೆ ಧಾರವಾಡದ ಕನ್ನಡ ಕೊಟ್ಟು ನೋಡಿದೆ. ಶಿವಮೊಗ್ಗದಲ್ಲಿ ಜನ ಅದನ್ನು ತಮಾಷೆಯ ಪಾತ್ರ ಅಂದುಕೊಂಡರು. ಸಿನಿಮಾ ಮಾಡಿಟ್ಟ ಅಭ್ಯಾಸ. ಕೈಬಿಟ್ಟೆ. ಕೊನೆಗೆ ವೆನಿಸಿನ ಸಭೆಯಲ್ಲಿ ಎಲ್ಲರಿಗೂ ಕುರ್ಚಿ, ಅವನಿಗೆ ಇಲ್ಲ. ಟರ್ಕಿಯವರ ಮೇಲೆ ಯುದ್ಧಕ್ಕೆ ಬೇಕು, ಆದರೆ ಪಕ್ಕದಲ್ಲಿ ಕೂರಿಸಿಕೊಳ್ಳಲು ಬೇಡ. ಇದು ಒಂದು ಪೈಸೆ ಖರ್ಚಿಲ್ಲದೆ ಕೆಲಸ ಮಾಡಿತು.

ಹೆಸರು, ಊರು ಬದಲಿಸಿ ನಮ್ಮದೇ ಕತೆ ಮಾಡಬಹುದಲ್ಲ ಎಂದೂ ಕೇಳಿದರು. ಹತ್ತೊಂಬತ್ತನೇ ಶತಮಾನದಲ್ಲೇ ಬಸವಪ್ಪ ಶಾಸ್ತ್ರಿಗಳು ಇದನ್ನು 'ಶೂರಸೇನ ಚರಿತ್ರೆ' ಎಂದು ಕನ್ನಡಕ್ಕೆ ತಂದಿದ್ದಾರೆ. ಅದು ಅವರ ದಾರಿ. ನನಗೆ ವೆನಿಸೇ ಬೇಕಿತ್ತು.

ಷೇಕ್ಸ್‌ಪಿಯರನಿಗೆ ಕತೆ ಸಿಕ್ಕಿದ್ದು 1565ರಲ್ಲಿ ಅಚ್ಚಾದ ಚಿಂತಿಯೊ ಎಂಬ ಇಟಲಿಯವನ ಸಂಗ್ರಹದಿಂದ. ನಾಟಕದಲ್ಲಿ ಕರವಸ್ತ್ರ ಎತ್ತಿಕೊಳ್ಳುವವಳು ಇಯಾಗೊನ ಹೆಂಡತಿ ಎಮಿಲಿಯಾ, ಆ ಕತೆಯಲ್ಲಿ ಖಳನಾಯಕನೇ ಅದನ್ನು ಕದಿಯುತ್ತಾನೆ. ಒಂದು ತಿಂಗಳು ತಾಲೀಮಿನಲ್ಲಿ ಹಾಗೂ ಮಾಡಿ ನೋಡಿದೆವು. ದೃಶ್ಯ ಚುರುಕಾಯಿತು, ಕೊನೆ ಸತ್ತುಹೋಯಿತು. ಬಟ್ಟೆ ಎತ್ತಿ ಗಂಡನಿಗೆ ಕೊಟ್ಟವಳು ಎಮಿಲಿಯಾ ಆಗಿರದಿದ್ದರೆ ಕೊನೆಯಲ್ಲಿ ನಿಜ ಹೇಳುವವರೇ ಇಲ್ಲವಲ್ಲ!

ಎಮಿಲಿಯಾಳನ್ನು ನಮ್ಮವರು ಸುಮ್ನೆ ದಾಸಿಯ ಪಾತ್ರ ಅಂತ ಹೊಸಬರಿಗೆ ಕೊಡುತ್ತಾರೆ. ನಾನು ತಂಡದ ಅತಿ ಒಳ್ಳೆಯ ನಟಿಗೆ ಕೊಟ್ಟೆ. ನಾಟಕದ 1622ರ ಮುದ್ರಣದಲ್ಲಿ ಡೆಸ್ಡಿಮೋನಾ ಹಾಡುವ ವಿಲ್ಲೋ ಮರದ ಹಾಡೂ ಇಲ್ಲ, ಹೆಂಡತಿಯರಿಗೂ ಗಂಡಂದಿರಂತೆಯೇ ಆಸೆಗಳಿವೆ ಎಂಬ ಎಮಿಲಿಯಾಳ ಮಾತೂ ಇಲ್ಲ. 1623ರದರಲ್ಲಿ ಎರಡೂ ಇವೆ. ಎರಡೂ ಥರ ಆಡಿದೆವು. ಬಿಟ್ಟರೆ ಹತ್ತು ನಿಮಿಷ ಉಳಿಯುತ್ತದೆ, ಆದರೆ ಇಟ್ಟಾಗ ಹಾವೇರಿಯಲ್ಲಿ ಹೆಂಗಸರ ಸಾಲಿನಿಂದ ಚಪ್ಪಾಳೆ ಬಂತು. ಇಟ್ಟುಕೊಂಡೆವು.

ಕೊಲೆಯಾದ ಮೇಲೆ ಒಥೆಲೊ, "ನಿನ್ನ ಗಂಡನಿಗೆ ಎಲ್ಲ ಗೊತ್ತು" ಎನ್ನುತ್ತಾನೆ. ಎಮಿಲಿಯಾ, "ನನ್ನ ಗಂಡ?" ಎಂದು ಮತ್ತೆ ಮತ್ತೆ ಕೇಳುತ್ತಾಳೆ. ಇದು ಇಯಾಗೊನದೇ ಪಟ್ಟು. ಅವನು ಮಾತನ್ನು ತಿರುಗಿ ಹೇಳಿ ಅನುಮಾನ ಬಿತ್ತಿದ, ಇವಳು ತಿರುಗಿ ಹೇಳುತ್ತಲೇ ಅದರ ಬುಡ ಹುಡುಕುತ್ತಾಳೆ. ಅದಕ್ಕೇ ಇಬ್ಬರಿಗೂ ಅದೇ ಮೇಜು, ಅದೇ ಜಾಗ, ಅದೇ ಮೆಲುದನಿ ಕೊಟ್ಟಿದ್ದೇನೆ. ಈಗ ಆ ದೃಶ್ಯದಲ್ಲಿ ಯಾರೂ ನಗುವುದಿಲ್ಲ.

ಉಡುಪು ಈಗ ಕಪ್ಪು ಖಾದಿ, ಎಲ್ಲ ಸೇರಿ 9 ಸಾವಿರದ ಒಳಗೆ ಹೊಲಿಸಿದ್ದು. ಅವಧಿ ಎರಡು ಗಂಟೆಯ ಆಸುಪಾಸು. ಒಂದು ಪ್ರಯೋಗಕ್ಕೆ 25ರಿಂದ 30 ಸಾವಿರ ಸಾಕಾಗುತ್ತದೆ, ಹಳೆಯ ಸಾಲವೂ ಹೆಚ್ಚುಕಡಿಮೆ ತೀರಿದೆ. ಮಳೆಗಾಲ ಮುಗಿದ ಮೇಲೆ ಶಿರಸಿ, ಯಲ್ಲಾಪುರದ ಕಡೆ ಹೊರಡುವ ಯೋಚನೆಯಿದೆ. ಆಡಿಸುವವರು ಗಟ್ಟಿಯಾದ ಒಂದು ಮೇಜು ಕೊಟ್ಟರೆ ಸಾಕು, ಮಿಕ್ಕಿದ್ದೆಲ್ಲ ನಾವೇ ತರುತ್ತೇವೆ.