ಯಾವ ಕಾದಂಬರಿ ಯಾವ ಸಾಲಿಗೆ: ನನ್ನ ಅಂಗಡಿಯ ಲೆಕ್ಕ

ಹಾಸನದಲ್ಲಿ ನನ್ನದೊಂದು ಪುಸ್ತಕದ ಅಂಗಡಿ. ಅರ್ಧ ಜಾಗ ಪರೀಕ್ಷೆ ಪುಸ್ತಕ, ಗೈಡು, ನೋಟ್‌ಬುಕ್ಕಿಗೆ ಹೋಗುತ್ತದೆ. ಬಾಡಿಗೆ ಕಟ್ಟೋದು ಅವೇ. ಉಳಿದರ್ಧದಲ್ಲಿ ಕನ್ನಡ ಸಾಹಿತ್ಯ, ಅದರಲ್ಲೂ ಕಾದಂಬರಿ ಜಾಸ್ತಿ. ಹೊಸದಾಗಿ ಅಂಗಡಿ ಹಾಕುವವರು ಬಂದರೆ ಕಮಿಷನ್ ಎಷ್ಟು ಅಂತ ಮೊದಲು ಕೇಳುತ್ತಾರೆ. ಎರಡನೇ ಪ್ರಶ್ನೆ, ಇದನ್ನೆಲ್ಲ ಜೋಡಿಸೋದು ಹೇಗೆ ಅನ್ನೋದು. ಮೊದಲನೆಯದಕ್ಕೆ ಒಂದೇ ಮಾತಿನ ಉತ್ತರ ಸಾಕು. ಎರಡನೆಯದಕ್ಕೆ ಸಾಲದು.

ಊರಿಗೆ ಬರುವ ಮೊದಲು ನಾನು ಬೆಂಗಳೂರಿನ ಒಂದು ಇಂಗ್ಲಿಷ್ ಪುಸ್ತಕದಂಗಡಿಯಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಈ ತಲೆನೋವು ಕಡಿಮೆ. ಅಮೆರಿಕದ ಬುಕ್ ಇಂಡಸ್ಟ್ರಿ ಸ್ಟಡಿ ಗ್ರೂಪ್ ಎಂಬ ಸಂಸ್ಥೆ ಬೈಸ್ಯಾಕ್ ಅಂತ ಒಂದು ಪಟ್ಟಿ ಇಟ್ಟುಕೊಂಡಿದೆ. ಅದರಲ್ಲಿ ಕಥಾಸಾಹಿತ್ಯದ ಕೋಡುಗಳೆಲ್ಲ ಎಫ್‌ಐಸಿ ಅಂತ ಶುರುವಾಗುತ್ತವೆ. ಮುಂದೆ 014000 ಇದ್ದರೆ ಐತಿಹಾಸಿಕ, 022000 ಇದ್ದರೆ ಪತ್ತೇದಾರಿ. ಕೋಡು ಹಾಕೋದು ಪ್ರಕಾಶಕರು. ನಾವು ಸ್ಕ್ಯಾನ್ ಮಾಡಿದರೆ ಯಾವ ರ್ಯಾಕಿಗೆ ಅಂತ ಕಂಪ್ಯೂಟರೇ ಹೇಳುತ್ತಿತ್ತು. 2013ರಲ್ಲಿ ಥೀಮಾ ಅಂತ ಇನ್ನೊಂದು ಪಟ್ಟಿ ಬಂತು, ಅದು ಎಲ್ಲ ದೇಶಗಳಿಗೂ ಸೇರಿಸಿ ಮಾಡಿದ್ದು.

ಇಲ್ಲಿ ನನ್ನ ಕೈಗೆ ಬರುವ ಕನ್ನಡ ಪುಸ್ತಕಗಳಲ್ಲಿ ಅಂಥ ಕೋಡು ಕಂಡಿಲ್ಲ. ಮೊದಲ ಪುಟ ತಿರುಗಿಸಿದರೆ ಪ್ರಕಾಶಕರ ವಿವರದ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಇರುತ್ತದೆ, ‘ಎ ನಾವೆಲ್ ಇನ್ ಕನ್ನಡ ಬೈ’ ಅಂತ. ಆಮೇಲೆ ಲೇಖಕರ ಹೆಸರು, ಪುಟ, ಬೆಲೆ. ಅಲ್ಲಿಗೆ ಮುಗೀತು. ನಾವೆಲ್ಲೋ, ಕಥಾ ಸಂಕಲನವೋ, ನಾಟಕವೋ, ಅಷ್ಟು ತಿಳಿಯುತ್ತದೆ. ಗ್ರಂಥಾಲಯದವರ ಡ್ಯೂಯಿ ಪದ್ಧತಿಯಲ್ಲೂ ಇದೇ ಕಥೆ. ಕನ್ನಡ ಸಾಹಿತ್ಯಕ್ಕೆ 894.814, ಅದಕ್ಕೆ ಒಂದು 3 ಸೇರಿಸಿದರೆ ಕಾದಂಬರಿ, ಕಥೆ. ದೆವ್ವದ ಕಥೆಯೂ ಅದೇ, ದುರ್ಗದ ಪಾಳೇಗಾರರ ಕಥೆಯೂ ಅದೇ.

ಹಾಗಾದರೆ ನಮ್ಮಲ್ಲಿ ವಿಂಗಡಣೆಯೇ ಇರಲಿಲ್ಲವಾ? ಇತ್ತು. ಕಂಪನಿ ನಾಟಕದವರು, ಸಿನಿಮಾದವರು ಬಳಸಿದ ಮೂರು ಡಬ್ಬಿ: ಪೌರಾಣಿಕ, ಐತಿಹಾಸಿಕ, ಸಾಮಾಜಿಕ. ಕಾದಂಬರಿಯವರು ಪತ್ತೇದಾರಿ ಅಂತ ನಾಲ್ಕನೆಯದನ್ನು ಸೇರಿಸಿದರು. ಇದರಲ್ಲಿ ಸಾಮಾಜಿಕ ಅನ್ನೋದು ಕಸದ ಬುಟ್ಟಿ. ದೇವರು, ರಾಜ, ಕೊಲೆ ಈ ಮೂರೂ ಇಲ್ಲದ್ದೆಲ್ಲ ಸಾಮಾಜಿಕ. ಹಾಗೆ ಜೋಡಿಸಿದರೆ ಮುಕ್ಕಾಲು ಅಂಗಡಿ ಒಂದೇ ಬೋರ್ಡಿನ ಕೆಳಗೆ ಹೋಗುತ್ತದೆ. ಬೋರ್ಡು ಇದ್ದೂ ಇಲ್ಲದ ಹಾಗೆ.

ಅದಕ್ಕೆ ನಾನು ಪುಸ್ತಕ ನೋಡಿ ವಿಂಗಡಿಸುವುದನ್ನು ಬಿಟ್ಟೆ. ಒಳಗೆ ಬಂದವರು ಬಾಯಿ ಬಿಟ್ಟು ಏನು ಕೇಳುತ್ತಾರೆ ಅಂತ ಗಲ್ಲಾದ ಹಿಂದಿನ ಕ್ಯಾಲೆಂಡರಿನ ಖಾಲಿ ಬದಿಯಲ್ಲಿ ಬರೆಯತೊಡಗಿದೆ. ಅವರವರ ಮಾತಿನಲ್ಲೇ. ‘ಭೈರಪ್ಪನವರದು ಯಾವ್ದಿದೆ’, ‘ಸಾಯಿಸುತೆ ಹೊಸದು ಬಂದಿದ್ಯಾ’, ‘ತೇಜಸ್ವಿ ಎಲ್ಲಿಟ್ಟಿದೀರಿ’. ಸಾಮಾಜಿಕ ಕಾದಂಬರಿ ಕೊಡಿ ಅಂದವರು ಇಲ್ಲವೇ ಇಲ್ಲ ಅನ್ನಬಹುದು. ಕನ್ನಡ ಓದುಗರು ಹೆಸರು ಹಿಡಿದುಕೊಂಡು ಬರುತ್ತಾರೆ. ಅವರ ಮಟ್ಟಿಗೆ ಲೇಖಕರೇ ಒಂದು ಪ್ರಕಾರ.

ಆದ್ದರಿಂದ ಎದುರಿನ ಇಡೀ ಗೋಡೆ ಹೆಸರಿನ ಗೋಡೆ. ಅಕಾರಾದಿಯಾಗಿ ಇಟ್ಟಿದ್ದೇನೆ, ಆದರೆ ಮುಖಪುಟದ ಹೆಸರಿನ ಪ್ರಕಾರ ಅಲ್ಲ, ಜನ ಕರೆಯುವ ಪ್ರಕಾರ. ಎಸ್.ಎಲ್. ಭೈರಪ್ಪ ‘ಎ’ದಲ್ಲಿ ಇರುವುದಿಲ್ಲ, ‘ಭ’ದಲ್ಲಿರುತ್ತಾರೆ. ಯು.ಆರ್. ಅನಂತಮೂರ್ತಿ ‘ಅ’ದಲ್ಲಿ. ಕೆ.ಪಿ. ಪೂರ್ಣಚಂದ್ರ ತೇಜಸ್ವಿಯನ್ನು ಯಾರೂ ಕೆ.ಪಿ. ಅನ್ನುವುದಿಲ್ಲ, ಪೂರ್ಣಚಂದ್ರ ಅಂತಲೂ ಕೇಳುವುದಿಲ್ಲ. ಹೀಗಾಗಿ ‘ತ’ದ ಹಲಗೆಯಲ್ಲಿ ತ.ರಾ.ಸು., ತೇಜಸ್ವಿ, ತ್ರಿವೇಣಿ ಅಕ್ಕಪಕ್ಕ ಕೂತಿದ್ದಾರೆ. ಒಂದು ಕಡೆ ದುರ್ಗ, ನಡುವೆ ಕಾಡು, ಆ ಕಡೆ ಮನಸ್ಸು. ನನಗೆ ಅಂಗಡಿಯಲ್ಲಿ ತುಂಬಾ ಇಷ್ಟದ ಮೂರಡಿ ಅದು.

ತೇಜಸ್ವಿಯನ್ನು ಒಡೆಯಬಾರದು, ಇದು ನನ್ನ ಖಡಕ್ ನಿಯಮ. ‘ಕರ್ವಾಲೊ’ದಲ್ಲಿ ಹಾರುವ ಓತಿಯ ಹುಡುಕಾಟ ಇದೆ ಅಂತ ಸಾಹಸಕ್ಕೆ, ‘ಜುಗಾರಿ ಕ್ರಾಸ್’ ಅನ್ನು ಥ್ರಿಲ್ಲರಿಗೆ, ‘ಪರಿಸರದ ಕತೆ’ಯನ್ನು ಪರಿಸರಕ್ಕೆ, ‘ಮಹಾಪಲಾಯನ’ವನ್ನು ಅನುವಾದಕ್ಕೆ ಹಂಚಬಹುದು. ಪಟ್ಟಿಯ ಲೆಕ್ಕದಲ್ಲಿ ಎಲ್ಲವೂ ಸರಿ. ಆದರೆ ಕಾಲೇಜು ಹುಡುಗ ಒಬ್ಬ ‘ಕರ್ವಾಲೊ’ ಮುಗಿಸಿ ಬಂದಾಗ ಅವನಿಗೆ ಬೇಕಿರೋದು ಇನ್ನೊಂದು ಸಾಹಸ ಕಾದಂಬರಿ ಅಲ್ಲ, ಇನ್ನೊಂದು ತೇಜಸ್ವಿ. ಪಕ್ಕದಲ್ಲೇ ಸಿಕ್ಕರೆ ಎರಡು ತಗೊಳ್ತಾನೆ.

ಭೈರಪ್ಪನವರದೂ ಹಾಗೇ. ‘ಪರ್ವ’ ಮಹಾಭಾರತದ ಕಥೆ ಅಲ್ವಾ, ಪೌರಾಣಿಕದ ಕಡೆ ಇಡಿ ಅಂತ ನಮ್ಮ ಹುಡುಗ ಹೇಳುತ್ತಿದ್ದ. ಅದೇ ವಾರ ಬೀದಿ ಕೊನೆಯ ಮನೆಯ ಅಜ್ಜಿ ಪುಸ್ತಕ ವಾಪಸು ತಂದರು. ಯಾರೋ ಮೊಮ್ಮಕ್ಕಳು ಕೊಂಡುಕೊಟ್ಟದ್ದಂತೆ. ‘ಏನಪ್ಪಾ ಇದು, ಇದ್ರಲ್ಲಿ ಕೃಷ್ಣ ದೇವರೇ ಅಲ್ವಲ್ಲ! ನಂಗೆ ಸರಿಯಾದ ಭಾರತ ಕೊಡು’ ಅಂದರು. ಬದಲಿಸಿ ಕೊಟ್ಟೆ. ಹುಡುಗ ಆಮೇಲೆ ಆ ಮಾತು ಎತ್ತಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡಾಗ ಬಂದವರೆಲ್ಲ ನೇರ ಆ ಹಲಗೆಯ ಮುಂದೆ ನಿಂತರು. ಎಲ್ಲಿದೆ ಅಂತ ಯಾರೂ ಕೇಳಲಿಲ್ಲ.

ಆದರೆ ಎಲ್ಲರೂ ಹೆಸರು ಹಿಡಿದೇ ಬರುವುದಿಲ್ಲ. ಕೆಲವರು ಒಂದು ರುಚಿ ಹಿಡಿದುಕೊಂಡು ಬರುತ್ತಾರೆ. ಅವರಿಗಾಗಿ ಎಡಗೋಡೆ.

ಮೊದಲನೆಯದು ಐತಿಹಾಸಿಕ. ಇಲ್ಲಿ ನನ್ನ ನಿಯಮವನ್ನು ನಾನೇ ಮುರಿದಿದ್ದೇನೆ. ತ.ರಾ.ಸು. ಅವರ ಸಾಮಾಜಿಕ ಕಾದಂಬರಿಗಳು ಹೆಸರಿನ ಗೋಡೆಯಲ್ಲಿ, ಚಿತ್ರದುರ್ಗದವು ಇಲ್ಲಿ. ‘ದುರ್ಗಾಸ್ತಮಾನ’ ಮಾತ್ರ ಎರಡೂ ಕಡೆ. ಯಾಕೆಂದರೆ ದುರ್ಗದ ಕಥೆ ಕೇಳಿ ಬಂದವರು ಮಾಸ್ತಿಯವರ ‘ಚಿಕವೀರ ರಾಜೇಂದ್ರ’ದ ಮೇಲೂ ಕೈ ಇಡುತ್ತಾರೆ, ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಮೇಲೂ ಇಡುತ್ತಾರೆ. ಹಾಸನದವರಿಗೆ ಬೇಲೂರು ಹಳೇಬೀಡು ಮನೆ ಬಾಗಿಲು, ‘ಶಾಂತಲಾ’ ಕೇಳದ ತಿಂಗಳಿಲ್ಲ. ಇಲ್ಲಿ ಒಂದು ಎಚ್ಚರ: ಸರಣಿಗಳನ್ನು ಅಕಾರಾದಿಗೆ ಹಾಕಬೇಡಿ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಇದೇ ಕ್ರಮದಲ್ಲಿ ಒಟ್ಟಿಗೆ ಇರಬೇಕು. ನಡುವಿನದು ಸ್ಟಾಕ್ ಇಲ್ಲದಿದ್ದರೆ ಮೂರನೆಯದನ್ನು ಒಳಗೆ ಎತ್ತಿಡುತ್ತೇನೆ. ಇಲ್ಲವಾದರೆ ಗೊತ್ತಿಲ್ಲದವರು ಕೊನೆಯದನ್ನೇ ಮೊದಲು ಒಯ್ಯುತ್ತಾರೆ.

ಎರಡನೆಯದು ಪತ್ತೇದಾರಿ ಮತ್ತು ಥ್ರಿಲ್ಲರ್. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಕೇಳಿಕೊಂಡು ಈಗಲೂ ರಿಟೈರಾದ ಮೇಷ್ಟ್ರುಗಳು ಬರುತ್ತಾರೆ. ಸಿಕ್ಕಿದಾಗ ತರಿಸಿಡುತ್ತೇನೆ. ತಲೆ ಕೆಡಿಸಿದ್ದು ಕೆ.ಎನ್. ಗಣೇಶಯ್ಯ. ಅವರು ಕೃಷಿ ವಿಜ್ಞಾನಿ. ಕಾದಂಬರಿಯಲ್ಲಿ ಶಾಸನ, ಇತಿಹಾಸ, ವಿಜ್ಞಾನ, ಆಕರಗಳ ಪಟ್ಟಿ ಎಲ್ಲ ಇರುತ್ತದೆ. ‘ಕರಿಸಿರಿಯಾನ’ದಲ್ಲಿ ವಿಜಯನಗರದ ಸಂಪತ್ತಿನ ಬೆನ್ನು ಹತ್ತುತ್ತಾರೆ. ಇದು ಐತಿಹಾಸಿಕವಾ? ವಿಷಯ ನೋಡಿದರೆ ಹೌದು. ಕೊಳ್ಳುವವರನ್ನು ನೋಡಿದರೆ ಅಲ್ಲ. ತ.ರಾ.ಸು. ಓದುವವರಿಗೆ ರಾಜ ಬೇಕು, ಗಣೇಶಯ್ಯ ಓದುವವರಿಗೆ ಸುಳಿವು ಬೇಕು. ಥ್ರಿಲ್ಲರಿಗೇ ಇಟ್ಟೆ. ಯಂಡಮೂರಿಯೂ ಅಲ್ಲೇ. ತೆಲುಗಿನಿಂದ ಬಂದದ್ದು ಅಂತ ಅವರನ್ನು ಅನುವಾದದ ಹಲಗೆಗೆ ಹಾಕಿದರೆ ಅವರ ಓದುಗರು ಆ ಕಡೆ ತಿರುಗಿಯೂ ನೋಡುವುದಿಲ್ಲ. ‘ತುಳಸಿದಳ’ ಓದಿ ರಾತ್ರಿ ನಿದ್ದೆ ಬಿಟ್ಟವರಿಗೆ ಅದು ಯಾವ ಭಾಷೆಯದು ಅನ್ನೋದು ಮುಖ್ಯವೇ ಅಲ್ಲ.

ಮೂರನೆಯ ಹಲಗೆ ತಾನಾಗಿ ಹುಟ್ಟಿಕೊಂಡಿದ್ದು, ನನಗೆ ಅದರ ಬಗ್ಗೆ ಹೆಮ್ಮೆ. ಐವತ್ತು ದಾಟಿದ ಹೆಂಗಸರು ಬಂದು ‘ಶರಪಂಜರ ಇದೆಯಾ, ಕಲ್ಪನಾ ಮಾಡಿದ್ದು’ ಅನ್ನುತ್ತಾರೆ. ಬರೆದವರು ತ್ರಿವೇಣಿ ಅಂತ ಕೆಲವರಿಗೆ ಗೊತ್ತು, ಕೆಲವರಿಗೆ ಗೊತ್ತಿಲ್ಲ. ಅದಕ್ಕೆ ‘ಸಿನಿಮಾ ಆದ ಕಾದಂಬರಿಗಳು’ ಅಂತ ಒಂದು ರಟ್ಟು ಬರೆದು ಹಾಕಿದೆ. ಪುಟ್ಟಣ್ಣ ಕಣಗಾಲರೊಬ್ಬರೇ ಅರ್ಧ ಹಲಗೆ ತುಂಬಿಸಿಬಿಟ್ಟರು. ತ್ರಿವೇಣಿಯವರ ‘ಬೆಳ್ಳಿಮೋಡ’, ‘ಶರಪಂಜರ’, ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’, ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’. ‘ನಾಗರಹಾವು’ ಕೇಳಿದವರಿಗೆ ಒಂದು ಮಾತು ಹೇಳಲೇಬೇಕು: 1972ರ ಆ ಸಿನಿಮಾ ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಮಾಡಿದ್ದು. ಇನ್ನೆರಡು ‘ಒಂದು ಗಂಡು ಎರಡು ಹೆಣ್ಣು’ ಮತ್ತು ‘ಸರ್ಪಮತ್ಸರ’. ಹೇಳದಿದ್ದರೆ ‘ಪುಸ್ತಕದಲ್ಲಿ ಅರ್ಧ ಕಥೆನೇ ಇಲ್ಲ’ ಅಂತ ವಾಪಸು ಬರುತ್ತಾರೆ. ಬೈಸ್ಯಾಕಿನ ಲೆಕ್ಕದಲ್ಲಿ ಈ ಹಲಗೆ ಒಂದು ಪ್ರಕಾರವೇ ಅಲ್ಲ, ಆದರೆ ಅಂಗಡಿಯಲ್ಲಿ ಬೇಗ ಖಾಲಿಯಾಗುವ ಹಲಗೆ ಇದೇ.

ತ್ರಿವೇಣಿಯವರ ವಿಷಯದಲ್ಲಿ ನನಗೊಂದು ಜಗಳವಿದೆ. ಹೆಂಗಸರು ಬರೆದದ್ದನ್ನೆಲ್ಲ ಒಂದೇ ಕಡೆ ಸುರಿದು ‘ಲೇಡೀಸ್ ಕಾದಂಬರಿ’ ಅನ್ನೋ ಅಭ್ಯಾಸ ನಮ್ಮ ವ್ಯಾಪಾರದಲ್ಲಿದೆ. ಮಾನಸಿಕ ಕಾಯಿಲೆಯ ಬಗ್ಗೆ ಆ ಕಾಲಕ್ಕೇ ಬರೆದ ತ್ರಿವೇಣಿ, ‘ಫಣಿಯಮ್ಮ’ ಬರೆದ ಎಂ.ಕೆ. ಇಂದಿರಾ, ಪ್ರೀತಿ-ಸಂಸಾರದ ಕಥೆಗಳ ಸಾಯಿಸುತೆ, ಮೂವರೂ ಒಂದೇ ಹಲಗೆಯಾ? ಗಂಡಸರಿಗೆ ಹೀಗೆ ಮಾಡುತ್ತೇವಾ? ಹಾಗಂತ ಸಾಯಿಸುತೆ ಕಡಿಮೆ ಅಂತಲ್ಲ. ಅವರ ಓದುಗರಷ್ಟು ನಿಯತ್ತಿನ ಗಿರಾಕಿಗಳು ಬೇರೆ ಯಾರಿಗೂ ಇಲ್ಲ. ಒಬ್ಬರು ಮೇಡಂ ಪರ್ಸಿನಲ್ಲಿ ಚಿಕ್ಕ ಡೈರಿ ಇಟ್ಟುಕೊಂಡು ಬರುತ್ತಾರೆ. ಓದಿದ ಹೆಸರುಗಳೆಲ್ಲ ಅದರಲ್ಲಿ. ಹಲಗೆಯ ಮುಂದೆ ನಿಂತು ಒಂದೊಂದೇ ಟಿಕ್ ನೋಡಿ, ಇಲ್ಲದ್ದನ್ನು ಎತ್ತಿಕೊಳ್ಳುತ್ತಾರೆ. ಅವರಿಗಾಗಿ ‘ಮನೆ ಮಂದಿಯ ಕಥೆಗಳು’ ಅಂತ ಬೇರೆ ಸಾಲು ಇದೆ. ಅದರಲ್ಲಿ ಗಂಡಸರು ಬರೆದದ್ದೂ ಇವೆ.

ಹೊಸ ಪಾರ್ಸೆಲ್ ಬಂದಾಗ ಬೆನ್ನುಡಿ ನಂಬಬೇಡಿ. ‘ಕನ್ನಡ ಕಾದಂಬರಿ ಲೋಕಕ್ಕೆ ಒಂದು ವಿಶಿಷ್ಟ ಸೇರ್ಪಡೆ’ ಅಂತ ಹಿರಿಯರು ಬರೆದಿರುತ್ತಾರೆ, ಕಥೆ ಏನು ಅಂತ ಮಾತ್ರ ಹೇಳಿರುವುದಿಲ್ಲ. ನಾನು ಮೊದಲ ಹತ್ತು ಪುಟ ಓದುತ್ತೇನೆ, ನಡುವೆ ಎಲ್ಲಾದರೂ ಎರಡು ಪುಟ. ಕೊನೆಯ ಪುಟದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಒಂದಕ್ಷರ ಹಾಕುತ್ತೇನೆ: ಐ, ಪ, ಮ. ಯಾವುದೂ ಹೊಂದದಿದ್ದರೆ ಹೆಸರಿನ ಗೋಡೆಗೆ. ಹೊಸಬರು ಅಲ್ಲಿ ಕಳೆದುಹೋಗುತ್ತಾರೆ, ಆದ್ದರಿಂದ ಮೊದಲ ಎರಡು ತಿಂಗಳು ಅವರಿಗೆ ಬಾಗಿಲ ಹತ್ತಿರದ ಮೇಜು, ಮುಖಪುಟ ಕಾಣುವ ಹಾಗೆ.

ಕಥಾ ಸಂಕಲನಗಳನ್ನು ಬೇರೆಯೇ ಇಡುತ್ತೇವೆ. ಪುಸ್ತಕ ಸಣ್ಣದು, ಬೆನ್ನು ತೆಳ್ಳಗೆ, ಹೆಸರು ಓದಲಾಗುವುದಿಲ್ಲ. ಕೈ ಹಾಕುವವರು ಕಡಿಮೆ. 2025ರ ಮೇನಲ್ಲಿ ನಮ್ಮ ಊರಿನ ಬಾನು ಮುಷ್ತಾಕ್ ಅವರ ಕಥೆಗಳಿಗೆ ಇಂಟರ್‌ನ್ಯಾಷನಲ್ ಬುಕರ್ ಬಂತಲ್ಲ, ಆಗ ಜೀವಮಾನದಲ್ಲಿ ಕಥಾ ಸಂಕಲನ ಕೊಳ್ಳದವರೂ ಬಂದರು. ‘ಕಾದಂಬರಿ ತಾನೇ?’ ಅಂತ ಕೇಳಿದರು. ಕಥೆಗಳು ಸಾರ್ ಅಂದೆ. ‘ಏನಾದ್ರೂ ಆಗ್ಲಿ, ಕೊಡಿ’ ಅಂದರು. ಆಗಿನಿಂದ ಆ ಸಾಲನ್ನು ಕಣ್ಣಿನ ಎತ್ತರಕ್ಕೆ ತಂದಿದ್ದೇನೆ, ಇನ್ನೂ ಕೆಳಗಿಳಿಸಿಲ್ಲ.

ವೈಜ್ಞಾನಿಕ ಕಾದಂಬರಿಗೆ ಮಾತ್ರ ಇನ್ನೂ ಬೋರ್ಡಿಲ್ಲ. ಒಂದು ಹಲಗೆಗೆ ನಲವತ್ತು ಪುಸ್ತಕ ಹಿಡಿಯುತ್ತದೆ, ಅರ್ಧವಾದರೂ ತುಂಬದೆ ನಾನು ರಟ್ಟು ಬರೆಯುವುದಿಲ್ಲ. ನಾಲ್ಕೇ ಪುಸ್ತಕ ಇಟ್ಟು ಬೋರ್ಡು ಹಾಕಿದರೆ ‘ಇಷ್ಟೇನಾ?’ ಅಂತ ಹೋಗುತ್ತಾರೆ. ಸದ್ಯಕ್ಕೆ ಅವು ಥ್ರಿಲ್ಲರಿನ ಬಲಗಡೆ ಇವೆ. ಕೇಳಿದವರಿಗೆ ಎತ್ತಿಕೊಡುತ್ತೇನೆ. ಈಗೀಗ ಕೇಳುವ ಹುಡುಗರು ಜಾಸ್ತಿಯಾಗಿದ್ದಾರೆ. ನವೆಂಬರಿನ ರಾಜ್ಯೋತ್ಸವದ ರಿಯಾಯಿತಿಗೆ ಪ್ರಕಾಶಕರಿಗೆ ಆರ್ಡರ್ ಹಾಕುವಾಗ ಈ ಸಲ ಆ ಪಟ್ಟಿಯನ್ನು ಬೇರೆಯಾಗಿಯೇ ಬರೆದು ಕಳಿಸಿದ್ದೇನೆ.